ಬಾಲ್ದಿಯಲ್ಲಿ ಬಂದ ಮೀನು

ಉತ್ತರ ಅಮೆರಿಕದ ಸರೋವರಗಳಲ್ಲಿ ಬೇಸಗೆಯ ಮುಂಜಾವು ದೋಣಿಯಲ್ಲಿ ಕುಳಿತು ಗಾಳ ಎಸೆಯುವವರಿಗೆ ದೊಡ್ಡಬಾಯಿ ಬಾಸ್ ಆ ನೀರಿನ ಅನಾದಿ ನಿವಾಸಿಯಂತೆ ತೋರುತ್ತದೆ. ಕನ್ನಡದಲ್ಲಿ ಹೆಸರಿಲ್ಲದ ಈ ಮೀನನ್ನು ನಾವು ಹೀಗೆಯೇ ಕರೆಯೋಣ. ಇದರ ದಾಯಾದಿಯನ್ನು ಸಣ್ಣಬಾಯಿ ಬಾಸ್ ಎನ್ನೋಣ. ಮಿನೆಸೋಟ, ವಿಸ್ಕಾನ್ಸಿನ್‌ಗಳ ಮಟ್ಟಿಗೆ ಆ ಭಾವನೆ ಬಹುಪಾಲು ನಿಜ. ಮೇನ್ ರಾಜ್ಯದಲ್ಲಿ ನಿಜವಲ್ಲ. ಅಲ್ಲಿಗೆ ಇವೆರಡೂ ಮನುಷ್ಯನ ಕೈಯಿಂದಲೇ ಬಂದವು.

ಇವುಗಳ ಹೆಸರಿನಲ್ಲೇ ಗೊಂದಲವಿದೆ. 1802ರಲ್ಲಿ ಪ್ಯಾರಿಸ್ಸಿನ ನಿಸರ್ಗವಿಜ್ಞಾನಿ ಲಾಸೆಪೆದ್ ಸಣ್ಣಬಾಯಿ ಬಾಸಿಗೆ 'ಮೈಕ್ರಾಪ್ಟೆರಸ್' ಎಂದು, ಅಂದರೆ ಕಿರುರೆಕ್ಕೆಯದು ಎಂದು ಹೆಸರಿಟ್ಟ. ಅವನಿಗೆ ಸಿಕ್ಕ ಮೀನಿನ ಬೆನ್ನಿನ ರೆಕ್ಕೆ ಹರಿದಿತ್ತು. ತುಂಡಾದ ಭಾಗವನ್ನು ಅವನು ಬೇರೆಯದೇ ಒಂದು ಪುಟ್ಟ ರೆಕ್ಕೆಯೆಂದು ಭಾವಿಸಿದ. ಗಾಯವೇ ಕುಲನಾಮವಾಯಿತು. ದೊಡ್ಡಬಾಯಿಯನ್ನು ದಕ್ಷಿಣದ ಜನ ಟ್ರೌಟ್ ಎಂದೇ ಕರೆಯುತ್ತಿದ್ದರು. ಅದಕ್ಕೆ ಬಹುಕಾಲ ಬಳಕೆಯಲ್ಲಿದ್ದ ಶಾಸ್ತ್ರೀಯ ಹೆಸರಿನಲ್ಲೂ ಸಾಲ್ಮನ್‌ನ ಹೋಲಿಕೆಯೇ ಇತ್ತು. ವಾಸ್ತವದಲ್ಲಿ ಟ್ರೌಟ್‌ಗೂ ಸಾಲ್ಮನ್‌ಗೂ ಇದು ಯಾವ ನಂಟೂ ಅಲ್ಲ.

ಸಾಗಾಟದ ಕಥೆಯಲ್ಲಿ ರೈಲಿನದೇ ಮುಖ್ಯ ಪಾತ್ರ. 1854ರ ಸುಮಾರಿಗೆ ಬಾಲ್ಟಿಮೋರ್ ಮತ್ತು ಒಹಾಯೊ ರೈಲುಮಾರ್ಗದಲ್ಲಿ, ಉಗಿಯಂತ್ರದ ನೀರಿನ ತೊಟ್ಟಿಯೊಳಗೆ ತೂತು ಕೊರೆದ ಬಾಲ್ದಿ ಇಳಿಬಿಟ್ಟು, ಅದರಲ್ಲಿ ಸಣ್ಣಬಾಯಿ ಬಾಸ್‌ಗಳನ್ನಿಟ್ಟು ಪರ್ವತ ದಾಟಿಸಿ ಪೊಟೋಮ್ಯಾಕ್ ನದಿಯ ಕಡೆಗೆ ತಂದರು. ಅವು ಅಲ್ಲಿ ವೃದ್ಧಿಯಾದವು. 1871ರಲ್ಲಿ ಸ್ಪೆನ್ಸರ್ ಬೇರ್ಡ್ ನೇತೃತ್ವದಲ್ಲಿ ಕೇಂದ್ರ ಮೀನುಗಾರಿಕೆ ಆಯೋಗ ಹುಟ್ಟಿದ ಮೇಲೆ ಹವ್ಯಾಸಿಗಳ ಈ ಕೆಲಸ ಸರ್ಕಾರದ್ದಾಯಿತು. ಮೀನುಗಳಿಗೆಂದೇ ರೈಲುಬೋಗಿಗಳು, ಸಾಲುಸಾಲಾಗಿ ಹಾಲಿನ ಕ್ಯಾನುಗಳು! ಮಿಸಿಸಿಪಿಯ ನೆರೆ ಇಳಿದಾಗ ಹೊಂಡಗಳಲ್ಲಿ ಸಿಕ್ಕಿಬಿದ್ದ ಮೀನುಗಳನ್ನು ಬಾಚಿ, ಒಂದು ಪಾಲನ್ನು ನದಿಗೇ ಮರಳಿಸಿ, ಉಳಿದವನ್ನು ದೂರದ ಕೆರೆಗಳಿಗೆ ಕಳುಹಿಸುತ್ತಿದ್ದರು. ಬರಿದಾದ ನೀರನ್ನು ತುಂಬುವುದು ಪುಣ್ಯಕಾರ್ಯವೆಂದೇ ಆಗಿನ ನಂಬಿಕೆ. ಅವರ ಸದುದ್ದೇಶವನ್ನು ನಾವು ಶಂಕಿಸಬೇಕಿಲ್ಲ.

ಆದರೂ ಇಂಗ್ಲಿಷ್ ಪರಂಪರೆಯ ಗಾಳಗಾರರಿಗೆ ಟ್ರೌಟ್, ಸಾಲ್ಮನ್‌ಗಳೇ ಕುಲೀನ ಮೀನುಗಳು. 1881ರಲ್ಲಿ ಜೇಮ್ಸ್ ಹೆನ್‌ಷಾಲ್ ಎಂಬ ವೈದ್ಯ ಬಾಸಿನ ಪರವಾಗಿ ಒಂದು ದಪ್ಪ ಗ್ರಂಥವನ್ನೇ ಬರೆದ. ಬಾಸಿಗೆ ಮರ್ಯಾದೆ ತಂದುಕೊಟ್ಟವರಲ್ಲಿ ಅವನು ಮೊದಲಿಗ. 1926ರ ಹೊತ್ತಿಗೆ, ಒಂದು ರಾಜ್ಯದ ಕಾನೂನು ಮೀರಿ ಹಿಡಿದ ಬಾಸನ್ನು ಇನ್ನೊಂದು ರಾಜ್ಯಕ್ಕೆ ಸಾಗಿಸಬಾರದೆಂದು ಕೇಂದ್ರ ಶಾಸನವೇ ಬಂತು. ಅರ್ಧ ಶತಮಾನ ತಾನೇ ರೈಲಿನಲ್ಲಿ ಹೊತ್ತ ಮೀನಿಗೆ ಸರ್ಕಾರ ಹಾಕಿದ ಕಾವಲು ಇದು.

ಬೆಲೆ ತೆತ್ತದ್ದು ಬ್ರೂಕ್ ಟ್ರೌಟ್. ಮೇನ್ ರಾಜ್ಯದ ಕೆರೆಗಳಲ್ಲಿ, ನ್ಯೂಯಾರ್ಕಿನ ಅಡಿರಾಂಡ್ಯಾಕ್ ಬೆಟ್ಟಗಳ ಕೆರೆಗಳಲ್ಲಿ, ತಣ್ಣೀರಿನ ಈ ಮೀನು ಹೆಚ್ಚು ಶತ್ರುಗಳಿಲ್ಲದೆ ಬೆಳೆದಿತ್ತು. ಬಾಸ್ ಬಂದದ್ದೇ ದಡದ ಚಿಕ್ಕ ಮೀನುಗಳನ್ನು ತಿಂದು ಮುಗಿಸಿತು. ಟ್ರೌಟಿಗೆ ಆಹಾರವೂ ಉಳಿಯಲಿಲ್ಲ, ಮರಿಗಳಿಗೆ ರಕ್ಷಣೆಯೂ ಇರಲಿಲ್ಲ. ನೀರು ಬೆಚ್ಚಗಾದಷ್ಟೂ ಬಾಸಿಗೆ ಅನುಕೂಲ.

ಇದನ್ನೆಲ್ಲ ಹೇಳಿಯೂ ಆ ಮೀನನ್ನು ದ್ವೇಷಿಸುವುದು ನಮಗೆ ಕಷ್ಟ. ವಸಂತದಲ್ಲಿ ಗಂಡು ಬಾಸ್ ದಡದ ತೆಳುನೀರಿನಲ್ಲಿ ಬಾಲದಿಂದ ನೆಲ ಗುಡಿಸಿ ಗೂಡು ಮಾಡುತ್ತದೆ. ಮೊಟ್ಟೆಯೊಡೆದು ಮರಿಗಳು ಈಜುವವರೆಗೆ ಕದಲದೆ ಕಾಯುತ್ತದೆ. ಆ ಹೊತ್ತಿನಲ್ಲಿ ಅದನ್ನು ಗಾಳಕ್ಕೆ ಸಿಕ್ಕಿಸಿದರೆ ಗೂಡು ಬೇರೆ ಮೀನುಗಳ ಪಾಲು. ಬೇಸಗೆ ಚಿಕ್ಕದಾದ ಉತ್ತರದಲ್ಲಿ ಬೆಳವಣಿಗೆಯೂ ನಿಧಾನ. ಒಂದು ಅಡಿ ಉದ್ದವಾಗಲು ನಾಲ್ಕೈದು ವರ್ಷಗಳೇ ಬೇಕು. ಅಲ್ಲಿನ ಹಲವು ರಾಜ್ಯಗಳು ಮೊಟ್ಟೆಯಿಡುವ ಕಾಲದಲ್ಲಿ ಬಾಸ್ ಹಿಡಿದೊಯ್ಯುವುದನ್ನು ನಿರ್ಬಂಧಿಸಿರುವುದು ಇದಕ್ಕಾಗಿಯೇ.

ಬಂದದ್ದನ್ನು ಹಿಂದಕ್ಕೆ ಕಳುಹಿಸುವ ಯತ್ನವೂ ನಡೆದಿದೆ. ಅಡಿರಾಂಡ್ಯಾಕ್‌ನ ಲಿಟ್ಲ್ ಮೂಸ್ ಸರೋವರದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2000ದಿಂದ ವರ್ಷವರ್ಷವೂ ವಿದ್ಯುತ್ತಿನಿಂದ ಮಂಕುಹಿಡಿಸಿ ಸಣ್ಣಬಾಯಿ ಬಾಸ್‌ಗಳನ್ನು ಹೊರತೆಗೆದರು. ಸ್ಥಳೀಯ ಚಿಕ್ಕ ಮೀನುಗಳು ಮತ್ತೆ ಕಾಣಿಸಿಕೊಂಡವು. ಆದರೆ ಏಳು ವರ್ಷಗಳ ನಂತರ ಲೆಕ್ಕ ಹಾಕಿದಾಗ ಬಾಸ್‌ಗಳ ಸಂಖ್ಯೆ ಮೊದಲಿಗಿಂತ ಹೆಚ್ಚಾಗಿತ್ತು. ದೊಡ್ಡವು ಕಡಿಮೆಯಾಗಿ ತೆರವಾದ ಜಾಗವನ್ನೆಲ್ಲ ಮರಿಗಳು ತುಂಬಿದ್ದವು.