ಮನೇಲಿ ಎಷ್ಟು ಜನ? ರೇಷನ್ ಕಾರ್ಡಿನ ಹಳೇ ಪ್ರಶ್ನೆ

ನಮ್ಮಂಥವರಿಗೆ ರೇಷನ್ ಕಾರ್ಡ್ ಅಂದ್ರೆ ಬರೀ ವಿಳಾಸದ ಪುರಾವೆ. 1943ರಲ್ಲಿ, ಯುದ್ಧದ ನಡುವೆ, ಬೊಂಬಾಯಿಯಲ್ಲಿ ಧಾನ್ಯಕ್ಕೆ ರೇಷನಿಂಗ್ ಬಂದಾಗ ಅದು ತಲೆ ಎಣಿಸೋ ಚೀಟಿ. ಎಣಿಕೆ ಅಂದ್ಮೇಲೆ ಹುಟ್ಟು, ಸಾವು, ಮದುವೆ ಎಲ್ಲಾ ಕಚೇರಿಗೆ ತಿಳಿಸ್ಲೇಬೇಕು.

2013ರ ಆಹಾರ ಭದ್ರತಾ ಕಾಯ್ದೆಯಲ್ಲೂ ಆದ್ಯತಾ ಕುಟುಂಬಕ್ಕೆ ತಲೆಗೆ ತಿಂಗಳಿಗೆ 5 ಕೆಜಿ. (ಅಂತ್ಯೋದಯಕ್ಕೆ ಮಾತ್ರ ಮನೆಗೆ 35, ಅಲ್ಲಿ ಮಗು ಹುಟ್ಟಿದ್ರೂ ಅಷ್ಟೇ.) ನನ್ನನ್ನ ಕಾಡೋದು ಮದುವೆಯಾದ ಹುಡುಗಿ ವಿಷಯ. ತವರಿನ ಕಾರ್ಡಿಂದ ಹೆಸರು ತೆಗೆಸಿದ್ಮೇಲೇ ಗಂಡನ ಮನೆ ಕಾರ್ಡಿಗೆ. ಅರ್ಜಿ ತಡವಾದಷ್ಟು ದಿನ ಅವಳ ಪಾಲು ಎರಡೂ ಮನೆಗಿಲ್ಲ. ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ ಅಂದಿದ್ದೂ ಇದೇ ಕಾಯ್ದೆ, ನೋಡಿ!

2019ರಿಂದ ಹಂತಹಂತವಾಗಿ ‘ಒಂದು ದೇಶ ಒಂದು ರೇಷನ್ ಕಾರ್ಡ್’ ಬಂತು. ರಾಯಚೂರಿನ ಕಾರ್ಡಿಗೆ ಈಗ ಪುಣೆಯಲ್ಲೂ ಧಾನ್ಯ ಸಿಗುತ್ತೆ. ನಮ್ಮ ಅಪಾರ್ಟ್‌ಮೆಂಟ್ ಕಟ್ಟೋ ಕೂಲಿಯವರಿಗೆ ಇದು ಸಣ್ಣ ಮಾತಲ್ಲ. ಆದ್ರೆ ಇಲ್ಲಿ ಹುಟ್ಟಿದ ಮಗುವಿನ ಹೆಸರು ಸೇರಿಸೋ ಅರ್ಜಿ ಮಾತ್ರ ಕರ್ನಾಟಕಕ್ಕೇ ಹೋಗ್ಬೇಕು.