ಇಂಗ್ಲಿಷ್ ಓದು, ಬರಹ: ಬಾಯಿಪಾಠದಿಂದ ಅರ್ಥದೆಡೆಗೆ

ನಮ್ಮ ನಾಡಿನ ಮಕ್ಕಳಿಗೆ ಇಂಗ್ಲಿಷ್ ಅಕ್ಷರ ದೊರೆತ ಬಗೆಯನ್ನು ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸುತ್ತೇವೆ. 1835ರ ಮೆಕಾಲೆಯ ಟಿಪ್ಪಣಿಯು ಇಂಗ್ಲಿಷಿಗೆ ಅಗ್ರಸ್ಥಾನವನ್ನಿತ್ತಿತು. 1854ರ ವುಡ್ ನಿರೂಪವಾದರೋ ಉನ್ನತ ಶಿಕ್ಷಣಕ್ಕೆ ಇಂಗ್ಲಿಷನ್ನೂ ಜನಸಾಮಾನ್ಯರ ಶಿಕ್ಷಣಕ್ಕೆ ದೇಶಭಾಷೆಗಳನ್ನೂ ಒಪ್ಪಿ, ಖಾಸಗಿ ಶಾಲೆಗಳಿಗೆ ಸಹಾಯಧನದ ದಾರಿ ತೆರೆಯಿತು. ಮಿಶನ್ ಶಾಲೆಗಳ ಬೆಳವಣಿಗೆಗೂ ಇದು ನೆರವಾಯಿತು.

ಆದರೆ ಕಲಿಸಿದ ಬಗೆ ಎಂತಹುದು? ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಅಕ್ಷರ ತಿದ್ದಿ, ಸ್ಪೆಲ್ಲಿಂಗ್ ಉರುಹೊಡೆದು, ಪಾಠವನ್ನು ಗಟ್ಟಿಯಾಗಿ ಒಪ್ಪಿಸಿದರೆ ಓದು ಬಂತೆಂದೇ ಎಣಿಕೆ. ಐದನೆಯ ತರಗತಿಯಲ್ಲಿ ನಾವೂ ಹಾಗೆಯೇ ಒಪ್ಪಿಸಿದೆವು. ಅರ್ಥ ಕೇಳಿದಾಗ ತಲೆ ತಗ್ಗಿಸಿದೆವು.

ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಮೈಕೆಲ್ ವೆಸ್ಟ್ ಅವರು ಬಂಗಾಳದ ಮಕ್ಕಳನ್ನು ಕುರಿತ 1926ರ ತಮ್ಮ ಗ್ರಂಥದಲ್ಲಿ ಬೇರೊಂದು ಮಾರ್ಗವನ್ನು ತೋರಿದರು. ಅನೇಕ ಮಕ್ಕಳು ನಡುವೆಯೇ ಶಾಲೆ ಬಿಡುವರು. ಅಂಥವರಿಗೂ ಉಳಿಯುವ ಲಾಭವೆಂದರೆ ಅರ್ಥವರಿತು ಓದುವ ಶಕ್ತಿಯೆಂಬುದು ಅವರ ವಾದ. ಅದಕ್ಕೆಂದೇ ಹೊಸ ಪದಗಳು ಮಿತವಾಗಿ ಬಂದು ಮತ್ತೆ ಮತ್ತೆ ಮರುಕಳಿಸುವ ವಾಚಕಗಳನ್ನು ರಚಿಸಿದರು.

2007ರಲ್ಲಿ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿತು. ಬೇಗನೆ ಆರಂಭಿಸಿದ ಮಾತ್ರಕ್ಕೆ ಓದು ಬಾರದು. ಮೂರು, ನಾಲ್ಕನೆಯ ತರಗತಿಯ ಮಗು ಮೊದಲು ಕನ್ನಡದಲ್ಲಿ ನಿರಾಯಾಸವಾಗಿ ಓದಲಿ. ತಾನರಿತ ಸಂಗತಿಯನ್ನೇ ಇಂಗ್ಲಿಷಿನಲ್ಲಿ ಕೇಳಿ, ಓದಿ, ತನ್ನ ಮನೆಯನ್ನು ಕುರಿತು ಎರಡು ಸಾಲು ತಾನೇ ಬರೆಯಲಿ.

ಪ್ರಿಯ ತಂದೆತಾಯಂದಿರೇ, ಮಗು ಎಷ್ಟು ಒಪ್ಪಿಸಿತೆಂದು ಕೇಳದಿರಿ. ಏನು ತಿಳಿಯಿತೆಂದು ಕೇಳಿರಿ. ಇದೇ ನಮ್ಮ ವಿನಂತಿ.