ನೆಲದಡಿಯ ನೀರಿನ ನಡೆ

ಹಳೆಯ ಪಾಠವೊಂದರ ತಿದ್ದುಪಡಿಯಿಂದ ಈ ಬರಹವನ್ನು ಆರಂಭಿಸಬೇಕಾಗಿದೆ. ಎಂಟನೆಯ ತರಗತಿಯಲ್ಲಿ ಅಂತರ್ಜಲದ ಪಾಠ ಬಂದಾಗಲೆಲ್ಲ ನಾನು ಕರಿಹಲಗೆಯ ಮೇಲೆ, ಬಂಡೆಗಳ ನಡುವೆ ಹರಿಯುವ ನೀಲಿ ಹೊಳೆಯೊಂದನ್ನು ಬರೆಯುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. "ಆ ಹೊಳೆ ದಿನಕ್ಕೆ ಎಷ್ಟು ದೂರ ಹೋಗುತ್ತದೆ, ಸಾರ್?" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಒಮ್ಮೆ ಕೇಳಿದ. "ಹೊಳೆ ಹೋದಷ್ಟೇ ಹೋಗುತ್ತದೆ, ಕೂತ್ಕೋ" ಎಂದುಬಿಟ್ಟೆ. ಆತ ಮುಂದೆ ಹೊರದೇಶಕ್ಕೆ ಹೋಗಿ, ವಿಷ ಬೆರೆತ ನೆಲದಲ್ಲಿ ಅಂತರ್ಜಲದ ಚಲನೆಯನ್ನು ಅಳೆಯುವ ವಿದ್ಯೆಯನ್ನೇ ಕಲಿತ. ಈಚೆಗೆ ಮನೆಗೆ ಬಂದಾಗ ನಗುತ್ತಲೇ ನನ್ನ ಆ ಉತ್ತರವನ್ನು ನೆನಪಿಸಿದ. ನಾಚಿಕೆಯೂ ಕುತೂಹಲವೂ ಸೇರಿ, ಆತ ಕಳಿಸಿದ ಲೇಖನಗಳನ್ನು ಕೂತು ಓದಿದೆನು.

ಸುಣ್ಣಕಲ್ಲಿನ ಗುಹೆಗಳಿರುವ ಕಡೆ ನೆಲದಡಿಯಲ್ಲಿ ನಿಜವಾದ ಹೊಳೆಗಳೇ ಉಂಟು. ಉಳಿದೆಡೆ ಬಹುಮಟ್ಟಿಗೆ ನೀರು ಮರಳಿನ ಕಣಗಳ ಸಂದಿಯಲ್ಲಿ, ಬಂಡೆಯ ಬಿರುಕುಗಳಲ್ಲಿ ತೆವಳುತ್ತದೆ. ಮರಳಿನ ಮೂಲಕ ಅದು ಹೇಗೆ ಸಾಗುತ್ತದೆಂಬ ನಿಯಮವನ್ನು ಫ್ರಾನ್ಸಿನ ದಿಜೋನ್ ನಗರದ ಎಂಜಿನಿಯರ್ ಆನ್ರಿ ಡಾರ್ಸಿ 1856ರಲ್ಲಿ ಪ್ರಕಟಿಸಿದನು. ಮರಳು ತುಂಬಿದ ಕೊಳವೆಯಲ್ಲಿ ನೀರನ್ನು ಇಳಿಸಿ ಆತ ಕಂಡದ್ದಿಷ್ಟು: ನೀರಿನ ಮಟ್ಟದ ಇಳಿಜಾರು ಹೆಚ್ಚಿದಷ್ಟೂ ಹರಿವು ಹೆಚ್ಚು. ಹೊಲದಲ್ಲಿ ಆ ಇಳಿಜಾರನ್ನು ತಿಳಿಯಲು ತ್ರಿಕೋನಾಕಾರದಲ್ಲಿ ಮೂರು ಬಾವಿಗಳಿದ್ದರೆ ಸಾಕು. ಮೂರರ ನೀರಿನ ಮಟ್ಟವನ್ನು ಅಳೆದರೆ ನೀರು ಯಾವ ದಿಕ್ಕಿಗೆ ವಾಲಿದೆಯೆಂಬುದು ರೇಖಾಗಣಿತದಿಂದಲೇ ಹೊರಬೀಳುತ್ತದೆ. ಆದರೆ ವೇಗ ತಿಳಿಯಬೇಕಾದರೆ ಆ ಮಣ್ಣು ನೀರನ್ನು ಎಷ್ಟು ಸಲೀಸಾಗಿ ಬಿಡುತ್ತದೆ, ಅದರಲ್ಲಿ ಸಂದಿಯೆಷ್ಟು ಎಂಬುದೂ ಗೊತ್ತಿರಬೇಕು. ತೊಡಕು ಇರುವುದೇ ಅಲ್ಲಿ.

ಲೆಕ್ಕ ಹಾಕುವ ಬದಲು ನೇರವಾಗಿ ಅಳೆದರಾಗದೇ ಎಂದು ಹೊರಟವನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗಣಿತದ ಪ್ರಾಧ್ಯಾಪಕ ಚಾರ್ಲ್ಸ್ ಸ್ಲಿಕ್ಟರ್. ಗಣಿತದ ಮೇಷ್ಟ್ರೊಬ್ಬರು ಹೊಲಕ್ಕಿಳಿದ ಈ ಕಥೆ ನನಗೆ ಬಹಳ ಹಿಡಿಸಿತು. ಆತ ಒಂದು ಕೊಳವೆಯನ್ನು ನೆಲಕ್ಕಿಳಿಸಿ, ಅದರಿಂದ ಕೆಲವೇ ಅಡಿಗಳ ಕೆಳಗೆ ಕಮಾನಿನಂತೆ ಇನ್ನೂ ಮೂರು ಕೊಳವೆಗಳನ್ನು ನೆಡುತ್ತಿದ್ದನು. ಮೇಲಿನ ಕೊಳವೆಗೆ ನವಸಾಗರವನ್ನು ಸುರಿಯುವುದು. ನಮ್ಮ ಬೀದಿಗೆ ಬರುತ್ತಿದ್ದ ಕಲಾಯಿಯವನು ಕಾದ ಪಾತ್ರೆಗೆ ಉಜ್ಜುತ್ತಿದ್ದ ಅದೇ ನವಸಾಗರ! ಉಪ್ಪು ಬೆರೆತ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ಕೆಳಗಿನ ಯಾವ ಕೊಳವೆಯ ತಂತಿಯಲ್ಲಿ ವಿದ್ಯುತ್ತು ಏರಿತೋ ಅದೇ ನೀರು ಸಾಗುವ ದಿಕ್ಕು. ಏರಲು ಹಿಡಿದ ಗಂಟೆಗಳೇ ಅದರ ವೇಗದ ಲೆಕ್ಕ. ಕಾನ್ಸಾಸ್ ಪ್ರಾಂತ್ಯದ ಅರ್ಕಾನ್ಸಾಸ್ ನದಿಯ ಕಣಿವೆಯಲ್ಲಿ ಆತ ಹೀಗೆ ಅಳೆದಾಗ ಸಿಕ್ಕ ಸರಾಸರಿ ದಿನಕ್ಕೆ ಸುಮಾರು 8 ಅಡಿ. ಮತ್ತೊಂದು ಸಂಗತಿಯನ್ನೂ ಆತ ಗಮನಿಸಿದನು. ಉಪ್ಪು ಒಮ್ಮೆಲೇ ಬಂದು ಸೇರುತ್ತಿರಲಿಲ್ಲ. ಮೊದಲು ಸುಳಿವು ಕೊಟ್ಟು, ಮೆಲ್ಲಗೆ ಏರುತ್ತಿತ್ತು. ಕೆಲವು ಹನಿಗಳು ಮುಂದೆ, ಕೆಲವು ಹಿಂದೆ, ಶಾಲೆ ಬಿಟ್ಟ ಮಕ್ಕಳ ಹಾಗೆ.

ಆಗ ಜನಕ್ಕೆ ಬೇಕಾಗಿದ್ದುದು ನೀರೆಷ್ಟಿದೆ ಎಂಬುದಷ್ಟೇ. ನೀರು ಯಾವಾಗ ಬಂತು ಎಂಬುದು ಜೀವನ್ಮರಣದ ಪ್ರಶ್ನೆಯಾದದ್ದು ಎಪ್ಪತ್ತು ವರ್ಷಗಳಾದ ಮೇಲೆ. ಬಾಸ್ಟನ್ ನಗರದ ಸಮೀಪದ ವೋಬರ್ನ್ ಎಂಬ ಊರಿನ ಎರಡು ಸಾರ್ವಜನಿಕ ಬಾವಿಗಳಲ್ಲಿ ಟ್ರೈಕ್ಲೋರೋಎಥಿಲೀನ್ ಮೊದಲಾದ ರಾಸಾಯನಿಕಗಳಿವೆಯೆಂದು ತಿಳಿದು 1979ರ ಮೇ ತಿಂಗಳಲ್ಲಿ ಅವನ್ನು ಮುಚ್ಚಲಾಯಿತು. ಆ ಊರಿನಲ್ಲಿ ಮಕ್ಕಳಿಗೆ ರಕ್ತದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಂಡಿತ್ತು. 1986ರಲ್ಲಿ ವಿಚಾರಣೆ ನಡೆದಾಗ ಜ್ಯೂರಿಯ ಮುಂದೆ ಇಟ್ಟ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಆಯಾ ಕಂಪನಿಯ ನೆಲದಿಂದ ಹೊರಟ ರಾಸಾಯನಿಕ ಬಾವಿಯನ್ನು ಮುಟ್ಟಿದ್ದು ಯಾವ ದಿನ? ಮಗು ಕಾಯಿಲೆ ಬಿದ್ದ ಮೇಲೆ ವಿಷ ಬಂದಿದ್ದರೆ ಹೊಣೆ ಎಲ್ಲಿಯದು? ಆ ಚಳಿಗಾಲದಲ್ಲಷ್ಟೇ ಸರ್ಕಾರದ ಭೂವಿಜ್ಞಾನಿಗಳು ಬಾವಿಗಳನ್ನು 30 ದಿನ ಮತ್ತೆ ನಡೆಸಿ ಸುತ್ತಲಿನ ನೀರಿನ ಮಟ್ಟವನ್ನು ಅಳೆದಿದ್ದರು. ನದಿಯಾಚೆಯ ನೆಲವೂ ಬಾವಿಗೆ ಸ್ಪಂದಿಸುತ್ತದೆಂದು ಅದರಿಂದ ತಿಳಿಯಿತು. ಹಿಂದಿನ ಯಾವ ವರ್ಷದಲ್ಲಿ ವಿಷ ಬಂತೆಂಬುದು ತಿಳಿಯುವಂತಿರಲಿಲ್ಲ. ತಜ್ಞರು ತಿಂಗಳುಗಟ್ಟಲೆ ವಾದಿಸಿದರು. ಜ್ಯೂರಿ ಒಂದು ಕಂಪನಿಯನ್ನು ಬಿಟ್ಟು, ಇನ್ನೊಂದರ ವಿಷ 1973ರಲ್ಲಿ ಮುಟ್ಟಿತೆಂದಿತು. ಅದಕ್ಕೂ ಮೊದಲೇ ಕಾಯಿಲೆ ಬಿದ್ದ ಮಗುವಿನ ತಾಯಿಗೆ ಆ ದಿನಾಂಕ ಹೇಗೆ ಕೇಳಿಸಿರಬೇಕು! ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲವೆಂದು ನ್ಯಾಯಾಧೀಶರು ಮರುವಿಚಾರಣೆಗೆ ಆದೇಶಿಸಿದರು. ಅಷ್ಟರಲ್ಲಿ ಕಂಪನಿ 80 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಜೋನಾಥನ್ ಹಾರ್ 1995ರಲ್ಲಿ ಬರೆದ 'ಎ ಸಿವಿಲ್ ಆ್ಯಕ್ಷನ್' ಎಂಬ ಪುಸ್ತಕ ಇದೇ ಮೊಕದ್ದಮೆಯ ಕಥೆ.

ಅದೇ ಕಾಲಕ್ಕೆ ಕೆನಡಾದಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಒಂಟಾರಿಯೋದ ಬೋರ್ಡನ್ ಸೈನಿಕ ನೆಲೆಯ ಮರಳಿನಲ್ಲಿ, ವಾಟರ್ಲೂ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳವರು 1982ರ ಆಗಸ್ಟ್ ತಿಂಗಳಲ್ಲಿ ಸುಮಾರು 12,000 ಲೀಟರು ನೀರಿಗೆ ಕ್ಲೋರೈಡ್, ಬ್ರೋಮೈಡ್ ಮತ್ತು ಐದು ಸಾವಯವ ರಾಸಾಯನಿಕಗಳನ್ನು ತಿಳಿದ ಪ್ರಮಾಣದಲ್ಲಿ ಬೆರೆಸಿ ನೆಲದೊಳಕ್ಕೆ ಬಿಟ್ಟರು. ಬಳಿಕ ಯಾವ ಪಂಪನ್ನೂ ಹಾಕಲಿಲ್ಲ. ಸುಮಾರು 5,000 ಬಿಂದುಗಳಿಂದ ನೀರಿನ ಮಾದರಿ ತೆಗೆಯುವ ವ್ಯವಸ್ಥೆ ಮಾಡಿ ಮೂರು ವರ್ಷಗಳ ಹತ್ತಿರ ಕಾದರು. ಕ್ಲೋರೈಡ್ ದಿನಕ್ಕೆ 9 ಸೆಂಟಿಮೀಟರಿನಷ್ಟು ಸಾಗಿತು. ನಮ್ಮ ಗೇಣಿನ ಅರ್ಧಕ್ಕಿಂತ ಕೊಂಚವೇ ಕಡಿಮೆ! ಅದೇ ನೀರಿನಲ್ಲಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್ ಮರಳಿಗೆ ಅಂಟಿ ಬಿಡುತ್ತಾ ಸುಮಾರು ಅರ್ಧ ವೇಗದಲ್ಲಿ ಬಂತು. ಬೇರೆ ಕೆಲವು ಇನ್ನೂ ಹಿಂದೆ ಬಿದ್ದವು. ನೀರು ಬಂದ ದಿನವೇ ವಿಷ ಬಂದ ದಿನವಲ್ಲ. ಒಂದೇ ಬಗೆಯೆಂದು ತೋರುತ್ತಿದ್ದ ಆ ಮರಳಿನ ತುಂಡುಗಳನ್ನು ತೆಗೆದು 1,279 ಅಳತೆಗಳನ್ನು ಮಾಡಿದಾಗ, ಕೆಲವೇ ಸೆಂಟಿಮೀಟರುಗಳ ಅಂತರದಲ್ಲಿ ಪದರದಿಂದ ಪದರಕ್ಕೆ ನೀರು ಬಿಡುವ ಗುಣ ಬದಲಾಗುತ್ತಿದ್ದುದು ಕಂಡಿತು. ಈ ಪ್ರಬಂಧಗಳು ಅಚ್ಚಾದದ್ದು 1986ರ ಡಿಸೆಂಬರಿನಲ್ಲಿ. ಬಾಸ್ಟನ್ನಿನ ಜ್ಯೂರಿ ಮನೆಗೆ ಹೋಗಿ ಆಗಲೇ ಕೆಲವು ತಿಂಗಳಾಗಿತ್ತು.

ನನ್ನ ವಿದ್ಯಾರ್ಥಿ ಕಲಿತದ್ದು ಈ ಪರಂಪರೆಯನ್ನು. ಆತ ಫೋಟೋದಲ್ಲಿ ತೋರಿಸಿದ ಉಪಕರಣವೊಂದು ಕೈಗೆ ಹಿಡಿಸುವಷ್ಟು ದಪ್ಪದ ಉರುಳೆ. ವಾಟರ್ಲೂ ಮತ್ತು ಕಾನ್ಸಾಸ್ ವಿಶ್ವವಿದ್ಯಾಲಯಗಳವರು 2007ರಲ್ಲಿ ಅದರ ವಿವರ ಪ್ರಕಟಿಸಿ, ಬೋರ್ಡನ್ನಿನ ಮರಳಿನಲ್ಲೇ ಪರೀಕ್ಷಿಸಿದರಂತೆ. ಮೈಮೇಲಿನ ಸಣ್ಣ ತೂತಿನಿಂದ ತುಸು ಉಪ್ಪುನೀರು ಬಿಡುತ್ತದೆ. ಅಕ್ಕಪಕ್ಕದ ತಂತಿಗಳು ಅದು ಹಾದುಹೋದುದನ್ನು ವಿದ್ಯುತ್ತಿನಿಂದ ಗುರುತಿಸುತ್ತವೆ. ಸ್ಲಿಕ್ಟರನ ನವಸಾಗರವೇ, ಅಡಿಗಳ ಬದಲು ಸೆಂಟಿಮೀಟರುಗಳಲ್ಲಿ.

"ಒಂದು ಬಾವಿಗೆ ಎಷ್ಟು ಹೊತ್ತು ಕಾಯಬೇಕಪ್ಪಾ?" ಎಂದು ಕೇಳಿದೆ. "ನೀರು ಬರುವವರೆಗೂ, ಸಾರ್" ಎಂದ. ಎಂಟನೆಯ ತರಗತಿಯ ನೋಟುಪುಸ್ತಕವನ್ನು ಯಾರಾದರೂ ಇನ್ನೂ ಇಟ್ಟುಕೊಂಡಿದ್ದರೆ, ದಯವಿಟ್ಟು ಆ ನೀಲಿ ಹೊಳೆಯ ಮೇಲೆ ಒಂದು ಅಡ್ಡಗೆರೆ ಎಳೆಯಿರಿ.